ಕೂಗುವ ಹೊತ್ತು

ಎಫೀ ಸೊಪ್ಪಿನ ಕೊಂಬೆ ಹಿಡಿದು ಅವ್ವನ ಹೆಜ್ಜೆಗಳನ್ನು ಗುಡಿಸುತ್ತಿದ್ದಳು. ಬಾಗಿಲಿನಿಂದ ನಲ್ಲಿಯವರೆಗೆ, ನಲ್ಲಿಯಿಂದ ಒಲೆಯವರೆಗೆ, ಒಲೆಯಿಂದ ನಾಯಿಗಳು ಮಲಗುವ ಮರದ ಬುಡದವರೆಗೆ. ಅವ್ವ ತೀರಿಕೊಂಡ ದಿನವೇ ಒಂದು ಸಲ ಗುಡಿಸಿದ್ದಾಗಿತ್ತು. ಆದರೆ ಹೆಣ ಮೂರು ವಾರದಿಂದ ಪಟ್ಟಣದ ಆಸ್ಪತ್ರೆಯ ತಣ್ಣನೆ ಕೋಣೆಯಲ್ಲಿದ್ದು ಇವತ್ತು ಮಣ್ಣಿಗೆ ಬರುತ್ತಿತ್ತು. ಬರುವ ಹೊತ್ತಿಗೆ ಅಂಗಳದಲ್ಲಿ ಆಕೆಯದು ಅಂತ ಒಂದು ಗುರುತೂ ಇರಬಾರದು. ಗುರುತು ಉಳಿದರೆ ಹೋದವರು ಅದನ್ನು ಹುಡುಕಿಕೊಂಡು ತಿರುಗಿ ಬರುತ್ತಾರೆ. ಹಸಿ ಎಲೆ ಸುಟ್ಟ ಹೊಗೆ ಮನೆಯ ಬಾಗಿಲಲ್ಲಿ ಹೊಕ್ಕು ಕಿಟಕಿಯಲ್ಲಿ ಹೊರಬರುತ್ತಿತ್ತು. ಅವ್ವನ ಫೋಟೋಗಳು ಆಗಲೇ ಗೋಡೆಯಿಂದ ಇಳಿದು ಪೆಟ್ಟಿಗೆ ಸೇರಿದ್ದವು.

ಅವ್ವನ ತಂಗಿ ಟಿಲ್ಲಿ ಮಗುಚಿ ಹಾಕಿದ ಡ್ರಮ್ಮಿನ ಮೇಲೆ ಕೂತು, ಸಾವಿನ ದುಃಖಕ್ಕೆಂದು ಹಣೆಗೆ ಬಳಿದುಕೊಂಡ ಬಿಳಿ ಮಣ್ಣು ಬೆವರಿನ ಜೊತೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಅಲ್ಲಿ ಗುಡಿಸು ಇಲ್ಲಿ ಗುಡಿಸು ಎಂದು ಕೈ ತೋರಿಸುತ್ತಿದ್ದಳು. ಬೇಲಿಯ ಮೂಲೆಗಂಬದ ಹತ್ತಿರ ಬಂದಾಗ ಕೊಂಬೆ ಸೋತಿತು. ಅಲ್ಲಿ ಎರಡು ಪಾದ ಹಿಡಿಸುವಷ್ಟು ಅಗಲಕ್ಕೆ ನೆಲ ತಗ್ಗಾಗಿತ್ತು. ಎಫೀ ಎಷ್ಟು ಗುಡಿಸಿದರೂ ಮೇಲಿನ ಮಣ್ಣು ಹಾರಿ ತಗ್ಗು ಇನ್ನಷ್ಟು ಎದ್ದು ಕಂಡಿತು.

"ಅದು ಇನ್ನೂ ಹಾಗೇ ಇದೆಯಲ್ಲೇ" ಎಂದಳು ಟಿಲ್ಲಿ.

"ಇದು ಗುಡಿಸಿದ್ರೆ ಹೋಗೋದಲ್ಲ ಚಿಕ್ಕವ್ವಾ."

"ನಿಂತು ನಿಂತು ತೋಡಿದ್ಲು ನಿಮ್ಮವ್ವ. ಅಷ್ಟು ವರ್ಷ ಬಾವಿ ತೋಡಿದ್ರೆ ನೀರಾದ್ರೂ ಬರ್ತಿತ್ತು."

ಎಫೀಯ ಮಗ ಡೆಸ್ಮಂಡ್ ಸನಿಕೆ ತಂದು ಮುಚ್ಚಿಬಿಡಲಾ ಎಂದು ಕೇಳಿದ. ಆಗಲಿ ಎಂದಳು ಟಿಲ್ಲಿ. ಮಣ್ಣಾದ ಮೇಲೆ ನೋಡೋಣ ಎಂದಳು ಎಫೀ. ಡೆಸ್ಮಂಡ್ ಇಬ್ಬರ ಮುಖವನ್ನೂ ನೋಡಿ ಸನಿಕೆಯನ್ನು ಕಂಬಕ್ಕೆ ಒರಗಿಸಿ ಹೋದ.

ಅವ್ವನ ಹೆಸರನ್ನು ಈ ಕತೆಯಲ್ಲಿ ಹೇಳುವ ಹಾಗಿಲ್ಲ. ಸತ್ತವರ ಹೆಸರನ್ನು ಈ ಸೀಮೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವರು ಹೊರಟ ದಾರಿಯಲ್ಲಿ ನಿಂತು ಹಿಂದಕ್ಕೆ ತಿರುಗುತ್ತಾರೆ. ಅದೇ ಹೆಸರಿನವರು ಬೇರೆ ಯಾರಾದರೂ ಇದ್ದರೆ ಅವರೂ ಹೆಸರು ಬಿಡಬೇಕು, ಹಿರಿಯರು ಸಾಕು ಅನ್ನುವವರೆಗೆ ಅವರನ್ನು ಕುಮಂಜಾಯಿ, ಅಂದರೆ ಹೆಸರು ಬಿಟ್ಟವರು, ಎಂದು ಕರೆಯಬೇಕು. ಒಮ್ಮೆ ಸಾಲಾಗಿ ಸಾವುಗಳಾಗಿ ಊರಿನಲ್ಲಿ ನಾಲ್ಕು ಜನ ಕುಮಂಜಾಯಿಗಳಾಗಿದ್ದರು. ಒಬ್ಬರನ್ನು ಚಹಾಕ್ಕೆ ಕರೆದರೆ ನಾಲ್ವರೂ ಲೋಟ ಹಿಡಿದು ಬರುತ್ತಿದ್ದರು.

"ಆ ದೊಡ್ಡವಳು ಇವತ್ತು ಬರ್ತಾಳಂತಲ್ಲ" ಎಂದಳು ಟಿಲ್ಲಿ, ದನಿ ತಗ್ಗಿಸಿ. "ಅವಳಿಗೆ ನಮ್ಮದು ಏನು ಗೊತ್ತು. ಹೆಣದ ಮುಂದೆ ಹೆಸರು ಹಿಡಿದು ಅತ್ತಾಳು. ನೀನೇ ಹೇಳಬೇಕು, ನಿನ್ನ ಅಕ್ಕ."

ಅಕ್ಕ ಎಂಬ ಮಾತು ಎಫೀಗೆ ಹೊಸದು. ಅರವತ್ತರ ಹತ್ತಿರ ಬಂದು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು, ಆ ಮಾತನ್ನು ಯಾರಿಗೂ ಅಂದವಳಲ್ಲ.

*

ಆಗ ಎಫೀ ತೀರಾ ಚಿಕ್ಕವಳು. ಈ ಜಾಗವೆಲ್ಲ ಒಬ್ಬ ಬಿಳಿಯನ ದನದ ಕಾವಲಾಗಿತ್ತು. ಅವ್ವ ಅವನ ಅಡುಗೆಮನೆಯಲ್ಲಿ ಪಾತ್ರೆ ಬೆಳಗುತ್ತಿದ್ದಳು. ಸಂಬಳಕ್ಕೆ ಹಿಟ್ಟು, ಸಕ್ಕರೆ, ಚಹಾಪುಡಿ. ದೊಡ್ಡ ಮಗಳು ಮುನ್ಯಾ ಆ ಕಾವಲಿನ ಬಿಳಿ ಮೇಸ್ತ್ರಿಗೆ ಹುಟ್ಟಿದವಳು. ಅದನ್ನು ಅವನೂ ಹೇಳಲಿಲ್ಲ, ಅವ್ವನೂ ಹೇಳಲಿಲ್ಲ, ಹುಡುಗಿಯ ಬಣ್ಣ ಹೇಳುತ್ತಿತ್ತು. ಎಫೀ ಹುಟ್ಟಿದ್ದು ಅವ್ವನ ಗಂಡನಿಗೆ. ಅವಳದು ಒಲೆಯ ಕೆಂಡ ಆರಿದ ಮೇಲಿನ ಬಣ್ಣ.

ಬಣ್ಣ ತಿಳಿಯಾದ ಮಕ್ಕಳ ಮೇಲೆ ಸರಕಾರಕ್ಕೆ ಆಗ ಎಲ್ಲಿಲ್ಲದ ಅಕ್ಕರೆ. ಅವರನ್ನು ಹಿಡಿದೊಯ್ದು, ದೂರದ ಮಕ್ಕಳಮನೆಯಲ್ಲಿಟ್ಟು, ತೊಳೆದು ಬಾಚಿ ಬಿಳಿಯರ ಮನೆಗೆಲಸಕ್ಕೆ ತಯಾರು ಮಾಡುತ್ತಿತ್ತು. ಲಾರಿಯ ಸದ್ದು ಕೇಳಿದರೆ ಅವ್ವ ಕೊಬ್ಬಿನಲ್ಲಿ ಇದ್ದಿಲು ಕಲಸಿ ಮುನ್ಯಾಳ ಮೈಗೆಲ್ಲ ಬಳಿಯುತ್ತಿದ್ದಳು. ಎಫೀ ತನಗೂ ಬಳಿ ಎಂದು ಅಳುತ್ತಿದ್ದಳಂತೆ. ನಿನಗೆ ದೇವರೇ ಬಳಿದು ಕಳಿಸಿದಾನೆ ಸುಮ್ಮನಿರು ಎಂದು ಅವ್ವ ಗದರಿಸುತ್ತಿದ್ದಳಂತೆ.

ಒಂದು ದಿನ ಬಂದ ಪೊಲೀಸಿನವನು ಯಾರನ್ನೂ ಹುಡುಕಲಿಲ್ಲ, ಗದರಿಸಲಿಲ್ಲ. ನೆರಳಲ್ಲಿ ಕೂತು ಒಂದು ಕಲ್ಲಂಗಡಿ ಹಣ್ಣು ಕೊಯ್ದ. ಮಕ್ಕಳನ್ನೆಲ್ಲ ಕರೆದು ಒಂದೊಂದು ಹೋಳು ಕೊಟ್ಟ. ಮಕ್ಕಳು ತಿಂದವು. ರಸ ಗಲ್ಲದ ಮೇಲೆ ಇಳಿಯಿತು. ಮುನ್ಯಾ ಮುಂಗೈಯಿಂದ ಬಾಯಿ ಒರೆಸಿಕೊಂಡಳು, ಇದ್ದಿಲು ಹೋಗಿ ಬಾಯಿಯ ಸುತ್ತ ತಿಳಿ ಚರ್ಮ ಕಂಡಿತು. ಅವನು ಕೈಯಲ್ಲಿದ್ದ ಸಿಪ್ಪೆ ಎಸೆದು ಎದ್ದ.

ಎಫೀಗೆ ಅದರಲ್ಲಿ ನೆನಪಿರುವುದು ಹಣ್ಣಿನ ಸಿಹಿಯೊಂದೇ. ಉಳಿದದ್ದು ಬೇರೆಯವರು ಹೇಳಿದ್ದು: ಅವ್ವ ಲಾರಿಯ ಹಿಂದೆ ಬೇಲಿಯ ಮೂಲೆಗಂಬದವರೆಗೆ ಓಡಿದ್ದು, ಅಲ್ಲಿ ಬಿದ್ದದ್ದು, ಲಾರಿ ಕಣ್ಣಿಗೆ ಮರೆಯಾಗುವವರೆಗೆ ಹುಡುಗಿ ಅವ್ವಾ ಎನ್ನದೆ ಅವ್ವನ ಹೆಸರು ಹಿಡಿದೇ ಕೂಗುತ್ತಿದ್ದದ್ದು. ಲಾರಿಯಲ್ಲಿ ಇನ್ನೂ ಹತ್ತು ಮಕ್ಕಳು ಅವ್ವಾ ಎಂದು ಅಳುತ್ತಿದ್ದವಂತೆ. ತನ್ನ ಅವ್ವನಿಗೆ ತನ್ನ ಕೂಗು ಗೊತ್ತಾಗಲಿ ಅಂತ ಇರಬೇಕು. ಕಲ್ಲಂಗಡಿ ಎಂದರೆ ಎಫೀಗೆ ಇವತ್ತಿಗೂ ಆಸೆ. ಆದರೆ ಅವ್ವನಿಗೆ ಬೆನ್ನು ಮಾಡಿ ಕೂತು ತಿನ್ನುತ್ತಿದ್ದಳು.

*

ಹೆಣದ ಗಾಡಿ ಬರುವ ಮೊದಲೇ ದೂಳೆಬ್ಬಿಸಿಕೊಂಡು ಒಂದು ಕಾರು ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ವಯಸ್ಸಾದ ಹೆಂಗಸು ಇಳಿದಳು, ಕಾರು ಓಡಿಸುತ್ತಿದ್ದ ನಲವತ್ತರ ಹೆಂಗಸು ಇನ್ನೊಂದು ಬಾಗಿಲಿನಿಂದ ಇಳಿದಳು. ಎಫೀ ಎದ್ದು ನಿಂತವಳು ಹಾಗೇ ನಿಂತಳು. ವಯಸ್ಸಾದವಳ ಮುಖ ಪರಕೀಯರದು, ಬಿಸಿಲಿಗೆ ಕೆಂಪಾಗಿತ್ತು. ಆದರೆ ಭಾರವನ್ನೆಲ್ಲ ಒಂದು ಕಾಲಿನ ಮೇಲೆ ಹಾಕಿ, ಒಂದು ಕೈಯಿಂದ ಇನ್ನೊಂದು ಮೊಣಕೈ ಹಿಡಿದು ನಿಂತ ನಿಲುವು ಅವ್ವನದೇ. ಅದನ್ನು ಯಾರೂ ಅವಳಿಗೆ ಕಲಿಸಿರಲು ಸಾಧ್ಯವಿರಲಿಲ್ಲ.

ಕಂಬಳಿ ಹಾಸಿ ಕೂತಿದ್ದ ಹೆಂಗಸರ ಸಾಲಿನ ಮುಂದೆ ಬಂದು ಆಕೆ ತನ್ನ ಹೆಸರು ಬೆರಿಲ್ ಎಂದಳು. ಆಮೇಲೆ ಮಗಳ ಭುಜ ಹಿಡಿದು ಮುಂದೆ ತಂದು, ಇವಳು ನನ್ನ ಮಗಳು ಎಂದು ಆಕೆಯ ಹೆಸರು ಹೇಳಿದಳು. ಅದು ಅವ್ವನ ಹೆಸರು. ಹಳೆಯ ಕಾಲದವರು ಹೇಳುತ್ತಿದ್ದ ಹಾಗೆ, ಒಂದಕ್ಷರವೂ ಜಾರದೆ ಸ್ಪಷ್ಟವಾಗಿ ಹೇಳಿದಳು.

ಹೆಂಗಸರ ಕೈಗಳು ಬಾಯಿಗೆ ಹೋದವು. ಟಿಲ್ಲಿ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಗೋಳು ಎದ್ದಿತು. ಬೆರಿಲ್ ಕಣ್ಣು ತುಂಬಿಕೊಂಡು ಕೈ ಮುಗಿದಳು. ತನ್ನನ್ನು ಬರಮಾಡಿಕೊಳ್ಳುವುದು ಹೀಗೆ ಎಂದುಕೊಂಡಿರಬೇಕು.

ಗೋಳು ತಗ್ಗಿದ ಮೇಲೆ ಟಿಲ್ಲಿ ಕಂಬಳಿಯಿಂದ ಮುಖ ಹೊರಗೆ ಹಾಕಿ ಮುನ್ಯಾ ಎಂದು ಕರೆದಳು. ಬೆರಿಲ್ ಹಿಂದೆ ತಿರುಗಿ ನೋಡಿದಳು, ಯಾರನ್ನು ಕರೆಯುತ್ತಿದ್ದಾರೆ ಎಂದು.

"ನಿನ್ನನ್ನೇ ಅಕ್ಕಾ" ಎಂದಳು ಎಫೀ. ಆ ಮಾತು ಹೇಗೋ ಬಂದುಬಿಟ್ಟಿತು. "ನಿನ್ನ ಹೆಸರು ಅದು."

"ನನ್ನ ಹೆಸರಾ?" ಬೆರಿಲ್ ಅದನ್ನು ಬಾಯಲ್ಲಿ ತಿರುಗಿಸಿ ನೋಡಿದಳು. ಕಲ್ಲು ಸಿಕ್ಕ ಅನ್ನದ ತುತ್ತಿನ ಹಾಗೆ ಮೆಲ್ಲಗೆ. "ಇಲ್ಲ. ಒಂಚೂರೂ ನೆನಪಿಲ್ಲ. ಅವ್ವನ ಹೆಸರು ಒಂದನ್ನೇ ಇಟ್ಕೊಂಡೆ ನಾನು. ಅವ್ವನ್ನ ಹುಡುಕೋಕೆ ಅಷ್ಟು ಸಾಕು ಅನ್ನಿಸಿತ್ತು. ನನ್ನದೂ ಬೇಕಾಗುತ್ತೆ ಅಂತ ಹೊಳೀಲೇ ಇಲ್ಲ."

ಎಫೀ ಆಕೆಯನ್ನು ಮರದ ನೆರಳಿಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟಳು. ಬೆರಿಲ್ ತಾನು ಬಂದ ಬಗೆ ಹೇಳಿದಳು. ಮಕ್ಕಳಮನೆಯಲ್ಲಿ ಬೆರಿಲ್ ಎಂದು ಹೆಸರಿಟ್ಟು, ನಿನ್ನ ಅವ್ವ ಸತ್ತಳು ಎಂದಿದ್ದರಂತೆ. ನಂಬಿರಲಿಲ್ಲವಂತೆ, ನಂಬಿದ್ದಳಂತೆ, ಮತ್ತೆ ನಂಬದೆ ಹೋದಳಂತೆ. ಕಳೆದುಹೋದವರನ್ನು ಹುಡುಕಿಕೊಡುವವರು ಯಾರೋ ಆ ಒಂದು ಹೆಸರು ಹಿಡಿದು ಹಳ್ಳಿ ಹಳ್ಳಿಗೆ ಕೇಳಿ ಕೊನೆಗೆ ಈ ಊರಿನ ಫೋನ್ ನಂಬರು ಕೊಟ್ಟರಂತೆ.

"ಮೊದಲ ಸಲ ಯಾರೋ ಎತ್ತಿದ್ರು. ಹೆಸರು ಹೇಳಿದೆ, ಫೋನ್ ಕಟ್ಟಾಯ್ತು."

"ಇಲ್ಲಿಯ ಫೋನು ಯಾವಾಗಲೂ ಹಾಗೇ" ಎಂದಳು ಎಫೀ.

ಅವತ್ತು ಎತ್ತಿದವಳು ಎಫೀಯೇ. ಅವ್ವ ಹೋಗಿ ಎರಡು ದಿನವಾಗಿತ್ತು. ದವಾಖಾನೆಯ ಗೋಡೆಯ ಫೋನು ಬಡಿದುಕೊಳ್ಳುತ್ತಿತ್ತು, ಎತ್ತಿದರೆ ಬಿಳಿಯರ ದನಿಯಲ್ಲಿ ಒಬ್ಬ ಹೆಂಗಸು ಬೇರೇನೂ ಹೇಳದೆ ಅವ್ವನ ಹೆಸರನ್ನೇ ಎರಡು ಸಲ ಹೇಳಿದಳು. ಊರೆಲ್ಲ ನಾಲಿಗೆ ಕಚ್ಚಿಕೊಂಡು ಬಿಟ್ಟಿದ್ದ ಹೆಸರು ತಂತಿಯೊಳಗಿಂದ ಬಂದು ಕಿವಿಗೆ ಬಿದ್ದಾಗ ಎಫೀ ಫೋನನ್ನು ಕುಕ್ಕಿ ಓಡಿ ಬಂದಿದ್ದಳು. ಮತ್ತೆ ಬಡಿದುಕೊಂಡಾಗ ಎತ್ತಿದ್ದು ದವಾಖಾನೆಯ ನರ್ಸು. ಮಗಳು ಸಿಕ್ಕಳು ಎಂದು ನರ್ಸು ಓಡಿ ಬಂದು ಹೇಳಿದಾಗ ಎಫೀ ಅಳಲಿಲ್ಲ, ನಗಲಿಲ್ಲ. ಎರಡು ದಿನ ತಡೆದುಕೊಳ್ಳಲಾಗದ ಅವ್ವನ ಮೇಲೆ ಕೆಟ್ಟ ಕೋಪ ಬಂದಿತ್ತು.

*

ಮುನ್ಯಾ ಹೋದಾಗ ಹಿರಿಯರೆಲ್ಲ ಕೂತು ಮಾತಾಡಿದ್ದರು. ಲಾರಿಯಲ್ಲಿ ಹೋದ ಮಗು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಸತ್ತವರಿಗೆ ಮಾಡುವುದನ್ನು ಮಾಡಿ ಹೆಸರು ಬಿಟ್ಟುಬಿಡು, ನಿನಗೂ ಉಸಿರಾಡಲಿಕ್ಕಾಗುತ್ತದೆ ಎಂದರು. ಉಳಿದ ತಾಯಂದಿರು ಬಿಟ್ಟರು. ಅವ್ವ ಮಾತ್ರ ಬಿಡುವುದಿಲ್ಲ ಎಂದಳು. ಅವತ್ತು ಸಂಜೆ ಮೂಲೆಗಂಬದ ಹತ್ತಿರ ನಿಂತು ರಸ್ತೆಯ ಕಡೆಗೆ ಮುನ್ಯಾ, ಬಾರೇ ಎಂದು ಕೂಗಿದಳು. ಮಾರನೆಯ ದಿನವೂ ಕೂಗಿದಳು. ಹೆಸರು ನೆಲಕ್ಕೆ ಬೀಳದೆ ಇದ್ದರೆ ಹುಡುಗಿ ಬದುಕಿರುತ್ತಾಳೆ ಎಂಬುದು ಅವಳ ಲೆಕ್ಕ.

ಎಫೀಯ ಅಪ್ಪ ಸತ್ತಾಗ, ಸತ್ತವರ ಜಾಗ ಬಿಡಬೇಕೆಂದು ಊರಿಗೆ ಊರೇ ಗುಡಾರ ಕಿತ್ತು ಹೊಳೆಯ ಆಚೆ ಹೋಯಿತು. ಅವ್ವ ಹೋಗಲಿಲ್ಲ. ಹುಡುಗಿ ಈ ಕಂಬದ ಗುರುತು ಹಿಡಿದು ಬಂದರೆ ದಾರಿ ತಪ್ಪುತ್ತಾಳೆ ಎಂದಳು. ಸರಕಾರ ಇಟ್ಟಿಗೆ ಮನೆ ಕಟ್ಟಿದಾಗ ಅವಳೊಬ್ಬಳಿಗಾಗಿ ರಸ್ತೆಯ ಪಕ್ಕದಲ್ಲೇ ಕಟ್ಟಬೇಕಾಯಿತು. ಇಸ್ಪೀಟಿನಲ್ಲಿ ಅವಳಂಥ ಮೋಸಗಾತಿ ಇನ್ನೊಬ್ಬಳಿರಲಿಲ್ಲ, ರವಿಕೆಯೊಳಗೆ ಯಾವಾಗಲೂ ಒಂದು ಎಕ್ಕ ಇರುತ್ತಿತ್ತು. ಆದರೆ ಹೊತ್ತು ಇಳಿಯಿತೆಂದರೆ ಗೆಲ್ಲುವ ಆಟವನ್ನೂ ಅರ್ಧಕ್ಕೆ ಚೆಲ್ಲಿ ಎದ್ದು ಹೋಗುತ್ತಿದ್ದಳು. ಜನಕ್ಕೆ ಅದು ರೂಢಿಯಾಗಿ, ಮುದುಕಿ ಇನ್ನೂ ಕೂಗಿಲ್ಲ, ಒಲೆ ಹಚ್ಚಲು ಹೊತ್ತಿದೆ ಎನ್ನುತ್ತಿದ್ದರು. ಕೂಗು ಕೇಳಿದರೆ ತಮ್ಮ ಊಟದ ಹೊತ್ತಾಯಿತೆಂದು ನಾಯಿಗಳು ಏಳುತ್ತಿದ್ದವು.

ಎಫೀಯ ಹೆಸರನ್ನು ಅವ್ವ ಎಂದೂ ಹಾಗೆ ಕೂಗಲಿಲ್ಲ. ಕೂಗುವ ಅಗತ್ಯವೇ ಇರಲಿಲ್ಲ, ಅವಳು ಯಾವಾಗಲೂ ಪಕ್ಕದಲ್ಲೇ ಇದ್ದಳು. ನೀರು ತಂದಳು, ಕಟ್ಟಿಗೆ ತಂದಳು, ಕೊನೆಗಾಲದಲ್ಲಿ ಅವ್ವನನ್ನು ಎತ್ತಿ ಕೂರಿಸಿದಳು. ಕಾಲು ಬತ್ತಿಹೋದ ಮೇಲೆ ಗಾಲಿಕುರ್ಚಿಯಲ್ಲಿ ಕಂಬದವರೆಗೆ ತಳ್ಳಿಕೊಂಡು ಹೋಗಿ, ರೆಟ್ಟೆ ಹಿಡಿದು ಆ ತಗ್ಗಿನಲ್ಲಿ ನಿಲ್ಲಿಸಿದವಳೂ ಅವಳೇ. ಮುನ್ಯಾಳ ಹೆಸರನ್ನು ಮಾತ್ರ ತಾನು ಒಮ್ಮೆಯೂ ಕೂಗಲಿಲ್ಲ. ದನಿ ಹೋಗಿದೆ ಕಣೇ, ನೀನೊಂದು ಸಲ ಕೂಗು ಎಂದು ಅವ್ವ ಕೇಳಿದ ಸಂಜೆಯೂ ಕೇಳಿಸದವಳಂತೆ ಕುರ್ಚಿ ತಿರುಗಿಸಿದಳು.

*

ಹೆಣದ ಗಾಡಿ ಬಂದಿತು. ಪಾದ್ರಿ ಬಂದ. ಮನೆಯವರು ಯಾರಾದರೂ ಎರಡು ಮಾತು ಹೇಳಬೇಕು, ದೊಡ್ಡ ಮಗಳು ಹೇಳಲಿ ಎಂದು ಅವನು ಏರ್ಪಾಡು ಮಾಡಿದ್ದ. ಟಿಲ್ಲಿ ದೂರದಿಂದಲೇ ಎಫೀಯನ್ನು ದುರುಗುಟ್ಟಿ ನೋಡಿದಳು. ಇನ್ನು ತಡ ಮಾಡುವ ಹಾಗಿರಲಿಲ್ಲ.

"ಅಕ್ಕಾ, ಒಂದು ಮಾತು" ಎಂದಳು ಎಫೀ. "ಅಲ್ಲಿ ಅವ್ವನ ಹೆಸರು ಹೇಳ್ಬಾರ್ದು."

"ಯಾಕೆ?"

"ಸತ್ತವರ ಹೆಸರು ನಾವು ಹೇಳಲ್ಲ. ಕೇಳಿಸ್ಕೊಂಡ್ರೆ ಅವರಿಗೆ ಹೋಗೋಕಾಗಲ್ಲ. ಬೆಳಗ್ಗೆ ನೀನು ಹೇಳಿದಾಗ ಎಲ್ರೂ ಹೆದರಿಬಿಟ್ರು."

ಬೆರಿಲ್ ಚಹಾದ ಲೋಟ ಕೆಳಗಿಟ್ಟಳು. ಹೆದರಿ ಅತ್ತದ್ದಾ ಎಂದು ಕೇಳಲು ಹೋಗಿ ಕೇಳಲಿಲ್ಲ. "ಎಷ್ಟು ದಿನ?"

"ವರ್ಷ, ಎರಡು ವರ್ಷ. ದೊಡ್ಡೋರು ಸಾಕು ಅನ್ನೋವರೆಗೆ."

"ಮತ್ತೆ ಇವಳು? ಇವಳನ್ನ ಏನಂತ ಕರೀಲಿ?"

ಎಫೀ ಆ ನಲವತ್ತರ ಹೆಂಗಸಿನ ಕಡೆ ನೋಡದೆ ಹೇಳಿದಳು. "ಕುಮಂಜಾಯಿ ಅಂತೀವಿ."

ಬೆರಿಲ್ ಮಗಳ ಕಡೆ ನೋಡಿದಳು. ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಫೀಗೆ ಸಲೀಸಾಗುತ್ತಿತ್ತು.

"ಆ ಮನೇಲಿ ಈ ಹೆಸರು ಹೇಳಿದ್ದಕ್ಕೆ ಬಾಯಿಗೆ ಸೋಪು ಹಾಕಿ ಉಜ್ಜಿದ್ರು. ಆಮೇಲೆ ಕಂಬಳಿ ಒಳಗೆ ಮುಖ ಮುಚ್ಕೊಂಡು ಹೇಳ್ಕೋತಿದ್ದೆ. ಮರೆತುಹೋದ್ರೆ ಮುಗೀತು ಅಂತ ಭಯ. ಮಗಳು ಹುಟ್ಟಿದ ಮೇಲೆ ದಿನಾ ಬಾಯಿತುಂಬ ಹೇಳಬಹುದು ಅಂತ ಅವಳಿಗೇ ಇಟ್ಟೆ. ಇಲ್ಲಿಗೆ ಬಂದ್ರೆ, ಈ ಹೆಸರು ಎಲ್ರಿಗೂ ಗೊತ್ತಿರೋ ಜಾಗಕ್ಕೆ ಬಂದ್ರೆ, ಗಟ್ಟಿಯಾಗಿ ಕೂಗಬಹುದು ಅಂದ್ಕೊಂಡಿದ್ದೆ ಎಫೀ."

ಎಫೀ ಕೆಳಗಿಟ್ಟ ಲೋಟವನ್ನು ಎತ್ತಿಕೊಂಡಳು. ಹೇಳಿಕೋ ಎಂದರೆ ಅವ್ವ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಾಳೆ. ಬೇಡ ಎಂದರೆ ಸೋಪು ಹಿಡಿದು ನಿಂತವರ ಸಾಲಿಗೆ ತಾನೂ ಸೇರುತ್ತಾಳೆ. ಯಾವ ಕಡೆ ಕಾಲಿಟ್ಟರೂ ಮುಳ್ಳು, ನಿಂತಲ್ಲೇ ನಿಲ್ಲುವುದಕ್ಕೂ ಜಾಗವಿಲ್ಲ.

"ನನಗೆ ಆ ಹೆಸರು ಯಾವತ್ತೂ ಸೇರ್ತಿರಲಿಲ್ಲ ಚಿಕ್ಕಮ್ಮ" ಎಂದಳು ಮಗಳು. ಅಲ್ಲಿಯವರೆಗೆ ಸುಮ್ಮನಿದ್ದವಳು. "ಸ್ಕೂಲಲ್ಲಿ ಯಾರ ಬಾಯಲ್ಲೂ ನೆಟ್ಟಗೆ ಬರ್ತಿರಲಿಲ್ಲ. ಈಗ ಬಸ್ಸು ಓಡಿಸ್ತೀನಿ, ಅಲ್ಲೂ ಏನೇನೋ ಕರೀತಾರೆ. ಬಿಡು ಅಂದ್ರೆ ಬಿಡೋದೇ. ಆದ್ರೆ ಅಮ್ಮನ ಮುಖ ನೋಡು."

ಎಫೀ ನೋಡಲಿಲ್ಲ.

ಗುಂಡಿಯ ಹತ್ತಿರ ಪಾದ್ರಿ ಜಾಣ, ನಮ್ಮ ಈ ತಾಯಿ, ನಮ್ಮ ಈ ಅಜ್ಜಿ ಎಂದೇ ಪ್ರಾರ್ಥನೆ ಮುಗಿಸಿದ. ಬೆರಿಲ್ ಮುಂದೆ ಬಂದು ನಿಂತಳು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಉಸಿರು ಹಿಡಿದು ಕೂತರು. ಟಿಲ್ಲಿಯ ಕೈ ಕಂಬಳಿಯ ಅಂಚನ್ನು ಹಿಡಿದಿತ್ತು. ಬೆರಿಲ್ ಬಾಯಿ ತೆರೆದಳು. ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತೆಲ್ಲ ಆ ಹೆಸರಿನಿಂದಲೇ ಸುರುವಾಗುತ್ತಿತ್ತೋ ಏನೋ, ಅದನ್ನು ತೆಗೆದ ಮೇಲೆ ಒಂದಕ್ಷರವೂ ಉಳಿದಿರಲಿಲ್ಲ. ಅವ್ವಾ ಎನ್ನಲು ನೋಡಿದಳು, ಕರೆದು ಅಭ್ಯಾಸವಿಲ್ಲದ ಮಾತು, ಅದೂ ಬರಲಿಲ್ಲ. ಬಗ್ಗಿ ಒಂದು ಹಿಡಿ ಕೆಂಪು ಮಣ್ಣು ಹಾಕಿ ಹಿಂದಕ್ಕೆ ಬಂದಳು. ಎಲ್ಲರೂ ನೆಮ್ಮದಿಯಿಂದ ಉಸಿರು ಬಿಟ್ಟದ್ದು ಕೇಳಿಸಿತು. ಎಫೀಗೆ ಅವರೆಲ್ಲರ ಮೇಲೂ ಸಿಟ್ಟು ಬಂತು, ಅವರಲ್ಲಿ ತಾನೂ ಒಬ್ಬಳು ಎಂದು ನಾಚಿಕೆಯೂ ಆಯಿತು.

ಟಿಲ್ಲಿ ಕೊನೆಗೆ ಎದ್ದು ಬಂದು ಸೊಂಟದಿಂದ ಇಸ್ಪೀಟಿನ ಕಟ್ಟು ತೆಗೆದು ಗುಂಡಿಗೆ ಹಾಕಿದಳು. "ಅಲ್ಲಿಯವರಿಗೂ ಮೋಸ ಮಾಡ್ಲಿ" ಎಂದಳು. ಕೆಲವರು ಅಳುತ್ತಲೇ ನಕ್ಕರು.

*

ರೊಟ್ಟಿ, ಡಬ್ಬಿಯ ಮಾಂಸ, ಸಕ್ಕರೆ ಸುರಿದ ಚಹಾ ಆಯಿತು. ಕತ್ತಲಾದರೆ ಕಾಂಗರೂಗಳು ರಸ್ತೆಗೆ ಬರುತ್ತವೆ, ಈಗಲೇ ಹೊರಡೋಣ ಎಂದು ಮಗಳು ಕಾರಿನ ಡಿಕ್ಕಿ ತೆರೆದಳು. ಅಮ್ಮ ಎಲ್ಲಿ ಎಂದು ಎಫೀಯನ್ನು ಕೇಳಿದಳು.

ಬೆರಿಲ್ ಬೇಲಿಯ ಮೂಲೆಯಲ್ಲಿದ್ದಳು. ಅವ್ವ ನಿಂತು ಕೂಗುತ್ತಿದ್ದ ಕತೆಯನ್ನು ಯಾರೋ ಊಟದ ಹೊತ್ತಿಗೆ ಹೇಳಿದ್ದರು. ಎಫೀ ಹತ್ತಿರ ಹೋದಾಗ ಇದೇ ಏನು ಎಂದು ಕೇಳಿದಳು. ಇದೇ ಎಂದಳು ಎಫೀ. ಬೆರಿಲ್ ಬೂಟು ಕಳಚಿ, ಕಾಲುಚೀಲ ಕಳಚಿ, ಆ ತಗ್ಗಿನಲ್ಲಿ ಪಾದ ಇಟ್ಟು ನಿಂತಳು. ಪಾದ ಸರಿಯಾಗಿ ಹಿಡಿಸಿತು. ಸನಿಕೆಗೆಂದು ಬಂದ ಡೆಸ್ಮಂಡ್ ಅದನ್ನು ನೋಡಿ ದೂರದಲ್ಲೇ ನಿಂತ.

ಬೆರಿಲಳ ತುಟಿ ಅವ್ವನ ಹೆಸರಿನ ಮೊದಲ ಅಕ್ಷರಕ್ಕೆ ಕೂಡಿಕೊಂಡದ್ದನ್ನು ಎಫೀ ಕಂಡಳು. ಹತ್ತಿರದಲ್ಲಿ ಟಿಲ್ಲಿಯಿರಲಿಲ್ಲ, ಬೇರೆ ಯಾರೂ ಇರಲಿಲ್ಲ. ಹೇಳಿದರೆ ತಾನು ತಡೆಯುವುದಿಲ್ಲ ಎಂದು ಎಫೀ ಮನಸ್ಸಿನಲ್ಲೇ ಅಂದುಕೊಂಡಳು. ಬೆರಿಲ್ ಆಕೆಯ ಕಡೆ ಒಂದು ಸಲ ನೋಡಿ ತುಟಿ ಬಿಗಿದುಕೊಂಡಳು.

ಹೊತ್ತು ಇಳಿದಿತ್ತು. ನಾಯಿಗಳು ಮರದ ಬುಡದಲ್ಲಿ ಕಿವಿ ಎತ್ತಿ ಕಾಯುತ್ತಿದ್ದವು. ಮೂರು ವಾರದಿಂದ ಅವು ಹೀಗೇ ಕಾದು ಕಾದು ಮಲಗುತ್ತಿದ್ದವು. ಎಫೀ ಕಂಬವನ್ನು ಹಿಡಿದುಕೊಂಡಳು. ಯಾವತ್ತೂ ಕೂಗದ ಅಕ್ಕನ ಹೆಸರು ಅವ್ವನದೇ ರಾಗದಲ್ಲಿ ಹೊರಬಂದಿತು.

"ಮುನ್ಯಾ... ಮುನ್ಯಾ... ಬಾರೇ..."

ನಾಯಿಗಳು ಎದ್ದವು. ಪಕ್ಕದಲ್ಲಿದ್ದ ಬೆರಿಲ್ ಓಗೊಡಲಿಲ್ಲ, ಎಫೀಯ ಕಡೆ ತಿರುಗಲೂ ಇಲ್ಲ. ಹಣೆಗೆ ಕೈ ಅಡ್ಡ ಹಿಡಿದು, ಆ ಹುಡುಗಿ ಈಗ ಬಂದಾಳೆಂಬಂತೆ, ಲಾರಿ ಹೋದ ರಸ್ತೆಯ ಉದ್ದಕ್ಕೂ ನೋಡಿದಳು. ಎಫೀಯೂ ಅತ್ತಲೇ ನೋಡಿದಳು. ಇವತ್ತು ಬಂದ ಗಾಡಿಗಳ ಗಾಲಿಯ ಗುರುತು ಬಿಟ್ಟರೆ ಕೆಂಪು ರಸ್ತೆಯ ಮೇಲೆ ಏನೂ ಇರಲಿಲ್ಲ. ಇಬ್ಬರೂ ನೋಡುತ್ತಲೇ ನಿಂತರು.